ನಡೆವಾಗ ಕಂಬಳಿ ಹೆಗಲ ಮೇಲಿರಲಿ

"ಇವತ್ತು ಯಾವ ವಾರ?" ಅಂತ ಅವರು ಕೇಳಿದರು.

"ಶನಿವಾರ" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ಇನ್ನೊಮ್ಮೆ ಕೇಳಿದರು. ನಾನು ಇನ್ನೊಮ್ಮೆ "ಶನಿವಾರ" ಅಂದೆ. ಉತ್ತರವೇನೋ ಸರಿಯಾಗಿಯೇ ಇತ್ತು. ಆದರೆ ಕೇಳಿದವರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ, ವಯಸ್ಸು 75 ದಾಟಿದ ಒಬ್ಬ ರೈತ. ನಾನು ಅವರಿಗೆ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೇನೆ ಎನ್ನುವುದೇ ನನಗೆ ಗೊತ್ತಾಗಿರಲಿಲ್ಲ!

ನೆಲದಿಂದ ಹದಿನೈದು ಅಡಿ ಮೇಲೆ, ಓಕ್ ಮರಕ್ಕೆ ಬಿಗಿದ ಕಬ್ಬಿಣದ ಅಟ್ಟಣೆಯಲ್ಲಿ ನಾವಿಬ್ಬರೂ ಕೂತಿದ್ದೆವು. ಬೆಳಗಿನ ಏಳೂವರೆ. ಮೈನಸ್ 9 ಡಿಗ್ರಿ ಚಳಿ. ಸ್ವಲ್ಪ ಹೊತ್ತಿನ ಹಿಂದೆ ಗಡಗಡ ನಡುಗುತ್ತಿದ್ದ ನನಗೆ ಆಗ ಹಾಯಾಗಿ ನಿದ್ದೆ ಬರುವ ಹಾಗಿತ್ತು. ಫ್ಲಾಸ್ಕಿನ ಮುಚ್ಚಳ ತಿರುಗಿಸಲು ಹೋದರೆ ಬೆರಳುಗಳು ಬೇರೆ ಯಾರದೋ ಅನ್ನಿಸುತ್ತಿತ್ತು. ಅವರು ಮಾತಾಡಲಿಲ್ಲ. ಕೋವಿಯಿಂದ ಗುಂಡು ತೆಗೆದು, ಅದನ್ನು ಹಗ್ಗ ಕಟ್ಟಿ ಕೆಳಗಿಳಿಸಿದರು. ವರ್ಷವಿಡೀ ಕಾದಿದ್ದ ಅವರ ಆ ದಿನದ ಬೇಟೆ ಅಲ್ಲಿಗೆ ಮುಗಿಯಿತು. ಅದಕ್ಕೆ ಕಾರಣ ನಾನು ಹಾಕಿಕೊಂಡಿದ್ದ ಬಟ್ಟೆ.

'ಬಟ್ಟೆ ಇದೆಯಾ?'

ನಾನು ತೀರ್ಥಹಳ್ಳಿ ಕಡೆಯವನು. ಎಂ.ಎಸ್. ಓದಲು ಆಗಸ್ಟ್‌ನಲ್ಲಿ ಮಿಸಿಸಿಪ್ಪಿ ನದಿಯ ದಡದ ಒಂದು ಊರಿಗೆ ಬಂದಿಳಿದೆ. ನದಿಯ ಈ ಕಡೆ ವಿಸ್ಕಾನ್ಸಿನ್, ಆ ಕಡೆ ಮಿನ್ನೆಸೋಟ. ಬಾಡಿಗೆಗೆ ಸಿಕ್ಕಿದ್ದು ಹೈನುಗಾರಿಕೆ ಬಿಟ್ಟು ವಿಶ್ರಾಂತರಾಗಿದ್ದ ಒಬ್ಬರ ಮನೆಯ ಮೇಲಿನ ಕೋಣೆ. ಹೆಸರು ಹಿಡಿದೇ ಕರಿ ಅಂತ ಅವರು ಎಷ್ಟು ಹೇಳಿದರೂ ನನಗೆ ಬಾಯಿ ಬರಲಿಲ್ಲ. ಮನಸ್ಸಿನಲ್ಲಿ ಅವರು 'ಓನರ್' ಆಗಿಯೇ ಉಳಿದರು. ಇಲ್ಲೂ ಹಾಗೇ ಕರೆಯುತ್ತೇನೆ.

ನವೆಂಬರ್ ಬಂತೆಂದರೆ ಅಲ್ಲಿ ಎಲ್ಲರ ಬಾಯಲ್ಲೂ ಜಿಂಕೆಯದೇ ಮಾತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ ಒಂಬತ್ತು ದಿನ ಕೋವಿ ಬೇಟೆಯ ಹಂಗಾಮು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಹೊಡೆದರೆ ಜೈಲು. ಅಲ್ಲಿ ಬಿಳಿಬಾಲದ ಜಿಂಕೆಯ ಸಂಖ್ಯೆಯನ್ನು ಹತೋಟಿಯಲ್ಲಿಡಲು ಸರ್ಕಾರವೇ ಲೈಸೆನ್ಸ್ ಕೊಡುತ್ತದೆ. 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಸಾಮಾನ್ಯವಾಗಿ ಬೇಟೆಯ ಸುರಕ್ಷತೆಯ ತರಗತಿ ಪಾಸು ಮಾಡಿದರಷ್ಟೇ ಆ ಲೈಸೆನ್ಸ್.

ನನ್ನ ಹತ್ತಿರ ಲೈಸೆನ್ಸೂ ಇರಲಿಲ್ಲ, ಕೋವಿಯೂ ಇರಲಿಲ್ಲ. ಆಸೆ ಮಾತ್ರ ಇತ್ತು. ನಮ್ಮ ಅಜ್ಜಯ್ಯ ಹೇಳುತ್ತಿದ್ದ ಹಳೇ ಕಾಲದ ಷಿಕಾರಿ ಕತೆ, ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆ, ಇವೆರಡನ್ನೂ ನುಂಗಿ ಬೆಳೆದವನು ನಾನು. "ನಾನೂ ನೋಡೋಕೆ ಬರಲಾ?" ಅಂತ ಓನರ್‌ಗೆ ಕೇಳಿಯೇಬಿಟ್ಟೆ. "ಬಾ. ಬಟ್ಟೆ ಇದೆಯಾ?" ಅಂದರು. "ಬೇಕಾದಷ್ಟಿದೆ" ಅಂದೆ ಜಂಬದಿಂದ.

ಬೇಕಾದಷ್ಟು ಇದ್ದದ್ದು ನಿಜ. ಕಾಟನ್ ಬನಿಯನ್, ಅದರ ಮೇಲೆ ಬೆಂಗಳೂರಿನಲ್ಲಿ ಕೊಂಡಿದ್ದ ಕಾಟನ್ ಥರ್ಮಲ್, ಟೀ ಶರ್ಟ್, ಕಾಲೇಜಿನ ಹೆಸರಿದ್ದ ದಪ್ಪ ಹುಡಿ, ಎಲ್ಲಕ್ಕಿಂತ ಮೇಲೆ ಹಾಸಿಗೆಯಂಥ ಜಾಕೆಟ್. ಕೆಳಗೆ ಥರ್ಮಲ್ ಮೇಲೆ ನೀಲಿ ಜೀನ್ಸ್. ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿದ್ದೆ. ಕನ್ನಡಿಯಲ್ಲಿ ನೋಡಿಕೊಂಡರೆ ಎವರೆಸ್ಟ್ ಹತ್ತಲು ಹೊರಟವನಂತಿದ್ದೆ. ಬೆಳಗಿನ ಐದಕ್ಕೆ ಕತ್ತಲಲ್ಲೇ ಓನರ್ ನನ್ನ ಮೈಮೇಲೆ ಕಿತ್ತಳೆ ಬಣ್ಣದ ವೆಸ್ಟ್ ಎಸೆದರು. ಹೊರಟೆವು.

ಏರಿನಲ್ಲಿ ಬೆವರಿದ್ದು

ನದಿಯ ದಡದಿಂದ ಬೆಟ್ಟಗಳು ನೇರ ಎದ್ದು ನಿಲ್ಲುವ ಜಾಗ ಅದು. ಅಟ್ಟಣೆ ಇದ್ದದ್ದು ಏರಿನ ತುದಿಯಲ್ಲಿ. ಅರ್ಧ ಗಂಟೆಯ ದಾರಿ. ಮುಂದೆ ನಡೆಯುತ್ತಿದ್ದ ಓನರ್ ಒಂದು ತೆಳು ಅಂಗಿ, ಅದರ ಮೇಲೆ ಕಿತ್ತಳೆ ವೆಸ್ಟ್, ಅಷ್ಟರಲ್ಲೇ ಇದ್ದರು. ತಲೆಗೆ ಟೋಪಿಯೂ ಇಲ್ಲ. ದಪ್ಪ ಕೋಟನ್ನು ಬ್ಯಾಗಿಗೆ ಕಟ್ಟಿಕೊಂಡಿದ್ದರು. 'ಪಾಪ, ವಯಸ್ಸಾಯ್ತು, ಕೋಟು ಹಾಕಿಕೊಳ್ಳೋದು ಮರೆತಿದ್ದಾರೆ' ಅಂದುಕೊಂಡೆ.

ಹತ್ತು ನಿಮಿಷಕ್ಕೆ ನನ್ನ ಬೆನ್ನು ಒದ್ದೆಯಾಯಿತು. ಇಪ್ಪತ್ತು ನಿಮಿಷಕ್ಕೆ ಬನಿಯನ್ ಮೈಗೆ ಅಂಟಿತು. ಒಳ್ಳೆಯದೇ ಆಯಿತು, ಚಳಿ ಹತ್ತಿರ ಸುಳಿಯುತ್ತಿಲ್ಲ ಅಂದುಕೊಂಡೆ. ಅಟ್ಟಣೆ ಹತ್ತುವ ಮುಂಚೆ ಓನರ್ ಬೆವರು ಒರೆಸಿಕೊಂಡು, ಒಳಗಿನ ಅಂಗಿ ಬದಲಿಸಿ, ಸ್ವೆಟರು, ಕೋಟು, ಟೋಪಿ ಒಂದೊಂದಾಗಿ ಹಾಕಿಕೊಂಡರು. ಕಿತ್ತಳೆ ವೆಸ್ಟನ್ನು ಬಿಚ್ಚಿ ಮತ್ತೆ ಎಲ್ಲದರ ಮೇಲೆ ತೊಟ್ಟರು. ನನಗೆ ಹಾಕಿಕೊಳ್ಳಲು ಏನೂ ಉಳಿದಿರಲಿಲ್ಲ. ಎಲ್ಲವೂ ಆಗಲೇ ಮೈಮೇಲಿತ್ತು, ಎಲ್ಲವೂ ಒದ್ದೆಯಾಗಿತ್ತು.

ಆಮೇಲೆ ಕೂತೆವು. ಷಿಕಾರಿ ಅಂದರೆ ಓಡುವುದು, ಅಟ್ಟುವುದು ಅಂತ ತಿಳಿದಿದ್ದ ನನಗೆ ಗೊತ್ತಾಗಿದ್ದು, ಅದರಲ್ಲಿ ಮುಕ್ಕಾಲು ಪಾಲು ಅಲುಗಾಡದೆ ಕೂರುವುದೇ ಅಂತ. ನಡೆಯುವಾಗ ಮೈಯೇ ಒಲೆ. ಕೂತ ಕೂಡಲೇ ಒಲೆ ಆರುತ್ತದೆ. ಒದ್ದೆಯಾದ ಹತ್ತಿ ಬಟ್ಟೆ ಮೈಯ ಶಾಖವನ್ನು ಹೀರಿ ಹೊರಗೆ ಸಾಗಿಸುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಎಳೆಯುತ್ತದೆ ಅಂತ ಆಮೇಲೆ ಓದಿದೆ. ಅವತ್ತು ಬೆನ್ನಿಗೇ ಗೊತ್ತಾಗಿತ್ತು.

ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದಕ್ಕೆ ಹೈಪೊಥರ್ಮಿಯ ಎನ್ನುತ್ತಾರೆ. ಮೊದಲು ನಡುಕ, ಆಮೇಲೆ ಕೈ ಮಾತು ಕೇಳದಿರುವುದು, ನಾಲಿಗೆ ತೊದಲುವುದು, ಮಂಕು. ಅದರಲ್ಲಿ ಸಿಕ್ಕವನಿಗೆ ತಾನು ಸಿಕ್ಕಿಬಿದ್ದಿದ್ದೇನೆ ಎಂದೇ ತಿಳಿಯುವುದಿಲ್ಲ. ಪಕ್ಕದವರು ನೋಡಬೇಕು. ನನ್ನ ಪಕ್ಕದಲ್ಲಿ ನೋಡುವವರು ಇದ್ದರು, ಅಷ್ಟೇ ನನ್ನ ಪುಣ್ಯ.

ಅಡುಗೆಮನೆಯ ಪಾಠ

ಅಟ್ಟಣೆಯ ಮೇಲೇ ನನ್ನ ಒದ್ದೆ ಬಟ್ಟೆಗಳನ್ನು ಬಿಚ್ಚಿಸಿ ಅವರ ಒಣ ಉಣ್ಣೆ ಕೋಟನ್ನು ತೊಡಿಸಿದರು. ಟೋಪಿ ಹಾಕಿ, ಬಿಸಿ ಬಿಸಿ ಸಿಹಿ ಕೋಕೊ ಗುಟುಕು ಗುಟುಕಾಗಿ ಕುಡಿಸಿದರು. ಮೈಗೆ ಸ್ವಲ್ಪ ಜೀವ ಬಂದ ಮೇಲೆ ಸೊಂಟಕ್ಕೆ ಹಗ್ಗ ಬಿಗಿದು ಏಣಿ ಇಳಿಸಿದರು. ಮನೆ ತಲುಪಿದಾಗ ನಾನು ಕೈಗಳನ್ನು ಒಲೆಗೆ ಒಡ್ಡಲು ಹೋದರೆ ತಡೆದರು. ಮರಗಟ್ಟಿದ ಕೈ ಸುಟ್ಟರೂ ಗೊತ್ತಾಗುವುದಿಲ್ಲವಂತೆ.

ಅಷ್ಟರಲ್ಲಿ ದೂರದ ಬೆಟ್ಟಗಳಿಂದ ಈಡಿನ ಸದ್ದು ಕೇಳುತ್ತಲೇ ಇತ್ತು. ಮೊದಲ ದಿನದ ಬೆಳಗ್ಗೆ ಅಂದರೆ ಅಲ್ಲಿನವರಿಗೆ ನಮ್ಮ ಯುಗಾದಿ ಇದ್ದಂತೆ. ಬೇಸಿಗೆಯಿಂದಲೂ ಒಂದು ದೊಡ್ಡ ಕೊಂಬಿನ ಗಂಡು ಜಿಂಕೆಯನ್ನು ಅವರು ಗಮನಿಸುತ್ತಾ ಬಂದಿದ್ದರು. ನಾನು "ಸಾರಿ" ಅಂದೆ. ಅವರು ನನ್ನ ಬನಿಯನ್ನನ್ನು ಸಿಂಕಿನ ಮೇಲೆ ಹಿಂಡಿದರು. ನೀರು ತೊಟತೊಟ ಸುರಿಯಿತು. "ತಪ್ಪು ನನ್ನದು. ಕತ್ತಲಲ್ಲಿ ನೀನೇನು ಹಾಕ್ಕೊಂಡಿದ್ದೀಯಾ ಅಂತ ನೋಡಲಿಲ್ಲ" ಅಂದರು. ನಾಚಿಕೆಯಿಂದ ತಲೆ ತಗ್ಗಿಸಿದೆ.

ಆಮೇಲೆ ಒಂದು ಕತೆ ಹೇಳಿದರು. ಕತೆಯಲ್ಲ, ಚರಿತ್ರೆ. 1940ರ ನವೆಂಬರ್ 11. ಅಲ್ಲಿ ಅದು ಮೊದಲ ಮಹಾಯುದ್ಧ ಮುಗಿದ ನೆನಪಿನ ರಜಾದಿನ. ಬೆಳಗ್ಗೆ ಹಂಗಾಮಿಗೆ ಮೀರಿದ ಬೆಚ್ಚನೆಯ ಹವೆ. ಇದೇ ಮಿಸಿಸಿಪ್ಪಿಯ ದ್ವೀಪಗಳಿಗೆ ನೂರಾರು ಜನ ತೆಳ್ಳನೆಯ ಬಟ್ಟೆಯಲ್ಲಿ ಬಾತುಕೋಳಿ ಬೇಟೆಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿತು. ಮಳೆ ಹಿಮವಾಯಿತು, ಉಷ್ಣತೆ ಪಾತಾಳಕ್ಕಿಳಿಯಿತು. ಅಲೆಗಳೆದ್ದು ದೋಣಿಗಳು ದಡ ಸೇರಲಿಲ್ಲ. ಒದ್ದೆ ಬಟ್ಟೆಯಲ್ಲಿ ರಾತ್ರಿ ಕಳೆದವರಲ್ಲಿ ಎಷ್ಟೋ ಜನ ಬೆಳಗ್ಗೆ ಏಳಲಿಲ್ಲ. ಆ ಬಿರುಗಾಳಿಗೆ ಮಿನ್ನೆಸೋಟ ಒಂದರಲ್ಲೇ 49 ಮಂದಿ ಸತ್ತರು. ಅವರಲ್ಲಿ ಸುಮಾರು ಅರ್ಧದಷ್ಟು ಬಾತುಕೋಳಿ ಬೇಟೆಗಾರರು. ಓನರ್ ಅವರ ತಂದೆ ಆ ದಿನ ಕೊಟ್ಟಿಗೆ ಕೆಲಸ ಮುಗಿಯದೆ ಮನೆಯಲ್ಲೇ ಉಳಿದಿದ್ದರಂತೆ.

"ಅವರು ಬೆಳಗಿನ ಹವೆಗೆ ಬಟ್ಟೆ ಹಾಕಿದರು, ನೀನು ನಡಿಗೆಗೆ ಹಾಕಿದೆ. ಹಾಕಬೇಕಾದ್ದು ಕೂರುವುದಕ್ಕೆ. ಅದನ್ನೂ ಕೂರುವಾಗ ಹಾಕಬೇಕು, ಅಲ್ಲಿಯವರೆಗೆ ಹೊರಬೇಕು" ಅಂದರು ಓನರ್.

ನೆಲಮಾಳಿಗೆಯ ಕಪಾಟು

ಮರುದಿನ ಅವರು ನನ್ನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದರು. ಅಲ್ಲೊಂದು ಉದ್ದನೆಯ ಕಪಾಟು. ನಾವು ಮದುವೆಗೆ, ಆಫೀಸಿಗೆ, ಮನೆಗೆ ಅಂತ ಬಟ್ಟೆ ಜೋಡಿಸಿದ ಹಾಗೆ ಅವರು ಊರು, ಕಾಲ ನೋಡಿ ಜೋಡಿಸಿದ್ದರು.

ಮೂಲ ಸೂತ್ರ ಮೂರು ಪದರ. ಮೈಗೆ ಅಂಟಿಕೊಳ್ಳುವ ಮೊದಲ ಪದರದ ಕೆಲಸ ಬೆವರನ್ನು ಹೊರಗೆ ದಾಟಿಸುವುದು. ಅದು ಮೆರಿನೊ ಉಣ್ಣೆಯದ್ದೋ ಪಾಲಿಯೆಸ್ಟರಿನದ್ದೋ ಆಗಿರಬೇಕು. ನಡುವಿನ ಪದರದ ಕೆಲಸ ಗಾಳಿಯನ್ನು ಹಿಡಿದಿಡುವುದು. ಬಟ್ಟೆ ಬೆಚ್ಚಗಿರುವುದಿಲ್ಲ, ಅದರೊಳಗೆ ನಿಂತ ಗಾಳಿ ಬೆಚ್ಚಗಿರುತ್ತದೆ. ಹಾಗಾಗಿ ಒಂದು ದಪ್ಪ ಸ್ವೆಟರಿಗಿಂತ ಎರಡು ತೆಳು ಸ್ವೆಟರು ಅನುಕೂಲ. ಸೆಕೆಯಾದರೆ ಒಂದನ್ನು ತೆಗೆಯಬಹುದು. ಹೊರಗಿನ ಪದರದ ಕೆಲಸ ಗಾಳಿ, ಮಳೆ, ಹಿಮ ತಡೆಯುವುದು. ಈ ಮೂರರಲ್ಲಿ ಹತ್ತಿಗೆ ಜಾಗವಿಲ್ಲ. 'ಹತ್ತಿ ಕೊಲ್ಲುತ್ತದೆ' ಅನ್ನುವುದು ಅಲ್ಲಿ ಗಾದೆಯಂತೆ ಬಳಕೆಯಲ್ಲಿದೆ.

ಆದರೆ ಜಾಗ ಬದಲಾದರೆ ಸೂತ್ರದ ಲೆಕ್ಕವೂ ಬದಲಾಗುತ್ತದೆ. ಕಪಾಟಿನ ಮೊದಲ ಅರೆಯಲ್ಲಿ ಸೆಪ್ಟೆಂಬರಿನ ಬಿಲ್ಲುಬೇಟೆಯ ಬಟ್ಟೆ. ಆಗಿನ್ನೂ ಸೆಕೆ, ಕಾಡೆಲ್ಲ ಉಣುಗು. ತೆಳ್ಳನೆಯ ಒಂದೇ ಪದರ, ಆದರೆ ತುಂಬುತೋಳು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಬೇಕು. ಅಲ್ಲಿನ ಉಣುಗು ಕಚ್ಚಿದರೆ ಲೈಮ್ ಕಾಯಿಲೆಯ ಭಯ.

ಎರಡನೆಯದು ಜೌಗಿನ ಬಾತುಕೋಳಿ ಬೇಟೆಗೆ. ಎದೆಮಟ್ಟದ ರಬ್ಬರ್ ಪ್ಯಾಂಟು, ಅದರ ಮೇಲೆ ಬಿಗಿಯಾದ ಬೆಲ್ಟು. ಕಾಲು ಜಾರಿ ಬಿದ್ದರೂ ನೀರು ಒಳಗೆ ನುಗ್ಗದಿರಲಿ ಅಂತ. ಇಲ್ಲಿ ಹಕ್ಕಿಗರಿ ತುಂಬಿದ ಜಾಕೆಟ್ ಕೆಲಸಕ್ಕೆ ಬಾರದು. ಗರಿ ನೆಂದರೆ ಮುದ್ದೆಯಾಗುತ್ತದೆ. ನೆಂದರೂ ಉಬ್ಬು ಉಳಿಸಿಕೊಳ್ಳುವ ಸಿಂಥೆಟಿಕ್ ಬೇಕು.

ಮೂರನೆಯದು ರಾಕಿ ಪರ್ವತದ ಎಲ್ಕ್ ಬೇಟೆಗೆ. ಅಲ್ಲಿ ಸೆಪ್ಟೆಂಬರಿನಲ್ಲೇ ಬೆಳಗ್ಗೆ ನೀರು ಹೆಪ್ಪುಗಟ್ಟಿರುತ್ತದೆ, ಮಧ್ಯಾಹ್ನ ಅಂಗಿತೋಳು ಮಡಚಬೇಕು. ಎಲ್ಲವೂ ತೆಳು, ಎಲ್ಲವೂ ಹಗುರ, ಎಲ್ಲಕ್ಕೂ ಜಿಪ್. ಒಣಚಳಿಯ ಆ ಎತ್ತರದಲ್ಲಿ ಗರಿಯ ಜಾಕೆಟ್ಟೇ ರಾಜ. ಮುಷ್ಟಿಯಷ್ಟಾಗಿ ಮಡಚಿಕೊಂಡು ಬ್ಯಾಗಿನ ಮೂಲೆ ಸೇರುತ್ತದೆ.

ನಾಲ್ಕನೆಯದು ಅರಿಜೋನ ಮರುಭೂಮಿಗೆ. ನೋಡಿದರೆ ಹತ್ತಿ ಅಂಗಿ! "ಹತ್ತಿ ಕೊಲ್ಲುತ್ತೆ ಅಂದ್ರಲ್ಲ?" ಅಂದೆ. ನಕ್ಕರು. ಒಣ ಬಿಸಿಲಿನಲ್ಲಿ ಹತ್ತಿ ಬೆವರನ್ನು ಹಿಡಿದುಕೊಂಡು ನಿಧಾನ ಆರಿ ಮೈ ತಣಿಸುತ್ತದೆ. ಚಳಿಯಲ್ಲಿ ಕೊಲ್ಲುವ ಅದೇ ಗುಣ ಸೆಕೆಯಲ್ಲಿ ಕಾಯುತ್ತದೆ. ಆದರೆ ಸೂರ್ಯ ಮುಳುಗಿದ ಕೂಡಲೇ ಮರುಭೂಮಿಯೂ ತಣ್ಣಗಾಗುವುದರಿಂದ ಬ್ಯಾಗಿನಲ್ಲಿ ಒಂದು ಉಣ್ಣೆಯ ಸ್ವೆಟರ್ ಇರಲೇಬೇಕು. ಜೊತೆಗೆ ಪಾಪಾಸುಕಳ್ಳಿಯ ಮುಳ್ಳು ತೂರದ ದಪ್ಪ ಪ್ಯಾಂಟು.

ಕೊನೆಯ ಅರೆಯಲ್ಲಿತ್ತು ನವೆಂಬರಿನ ಜಿಂಕೆ ಬೇಟೆಯದ್ದು. ಅಲ್ಲಿ ನನ್ನ ಒಂದೊಂದೇ ತಪ್ಪು ಬಯಲಾಯಿತು. ನನ್ನ ನೈಲಾನ್ ಜಾಕೆಟ್ ಕೈ ಎತ್ತಿದರೆ ಸರಸರ ಅನ್ನುತ್ತಿತ್ತು. ಉಣ್ಣೆ, ಫ್ಲೀಸ್ ಸದ್ದು ಮಾಡುವುದಿಲ್ಲ. ಜಿಂಕೆಯ ಕಣ್ಣಿಗೆ ಕಿತ್ತಳೆ ನಮಗೆ ಕಂಡಂತೆ ಎದ್ದು ಕಾಣುವುದಿಲ್ಲ, ಆದರೆ ನೀಲಿ ಚೆನ್ನಾಗಿ ಕಾಣುತ್ತದೆ. ನಾನು ಹಾಕಿದ್ದು ನೀಲಿ ಜೀನ್ಸ್! ಬಿಗಿ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡಾಡುವುದಿಲ್ಲ, ಕಾಲು ಇನ್ನೂ ತಣ್ಣಗಾಗುತ್ತದೆ. ಒಂದೇ ಉಣ್ಣೆಯ ಜೊತೆ, ಬೆರಳು ಆಡುವಷ್ಟು ಸಡಿಲ ಬೂಟು, ಅಷ್ಟು ಸಾಕು. ಕಿತ್ತಳೆ ವೆಸ್ಟನ್ನು ಎರಡು ಸೈಜ್ ದೊಡ್ಡದು ಕೊಳ್ಳಬೇಕು. ಏಕೆಂದರೆ ವಿಸ್ಕಾನ್ಸಿನ್‌ನಲ್ಲಿ ಕೋವಿ ಬೇಟೆಯ ಕಾಲದಲ್ಲಿ ಸೊಂಟದಿಂದ ಮೇಲೆ ಹೊರಗೆ ಕಾಣುವ ಬಟ್ಟೆಯ ಅರ್ಧವಾದರೂ ಮಿಂಚುವ ಕಿತ್ತಳೆ ಇಲ್ಲವೇ ಗುಲಾಬಿ ಇರಬೇಕೆಂಬುದು ಕಾನೂನು. ಒಳಗೆ ಎಷ್ಟು ಪದರ ಸೇರಿದರೂ ಅದು ಮೇಲೆಯೇ ಇರಬೇಕು. ಇನ್ನೊಬ್ಬ ಬೇಟೆಗಾರನ ಕಣ್ಣಿಗೆ ನೀವು ಜಿಂಕೆಯಾಗಿ ಕಾಣದಿರಲು ಇರುವ ಉಪಾಯ ಅದು.

ಮೂಲೆಯಲ್ಲಿ ನೇತಾಡುತ್ತಿದ್ದ ಕೆಂಪು ಕಪ್ಪು ಚೌಕಳಿಯ ಹಳೆಯ ಉಣ್ಣೆ ಕೋಟು ಅವರ ತಂದೆಯದು. ಹಿಂದಿನ ದಿನ ನನ್ನನ್ನು ಬದುಕಿಸಿದ್ದು ಅದೇ. ಇನ್ನೂ ಸ್ವಲ್ಪ ತೇವವಿತ್ತು. ಮೂಸಿ ನೋಡಿದೆ. ನಮ್ಮ ಮನೆಯ ಜಗಲಿಯಲ್ಲಿ ಮಳೆಗಾಲದಲ್ಲಿ ಆರಹಾಕುತ್ತಿದ್ದ ಅಜ್ಜಯ್ಯನ ಕಂಬಳಿಯದೇ ವಾಸನೆ!

ಎರಡನೇ ಶನಿವಾರ

ವಾರವಿಡೀ ಸೆಕೆಂಡ್ ಹ್ಯಾಂಡ್ ಅಂಗಡಿ ಸುತ್ತಿದೆ. ಉಣ್ಣೆ ಸ್ವೆಟರ್ ಎರಡು, ಉಣ್ಣೆ ಪ್ಯಾಂಟ್ ಒಂದು, ಪಾಲಿಯೆಸ್ಟರ್ ಬನಿಯನ್ ಎರಡು. ನನ್ನ ಹಾಸಿಗೆಯಂಥ ಜಾಕೆಟ್ಟಿಗೆ ಕೊಟ್ಟ ಹಣದ ಕಾಲುಭಾಗವೂ ಆಗಲಿಲ್ಲ. ಹಂಗಾಮಿನ ಎರಡನೇ ಶನಿವಾರ ಓನರ್ "ಬರ್ತೀಯಾ?" ಅಂದರು. ಈ ಸಲ ದೀಪದ ಬೆಳಕಿನಲ್ಲಿ ನಿಲ್ಲಿಸಿ ಒಂದೊಂದು ಪದರವನ್ನೂ ಮುಟ್ಟಿ ನೋಡಿದರು, ಮೊದಲ ದಿನ ಶಾಲೆಗೆ ಕಳಿಸುವವರ ಹಾಗೆ.

ಏರು ಹತ್ತುವಾಗ ನನ್ನ ಮೈಮೇಲೆ ಬನಿಯನ್, ವೆಸ್ಟ್ ಅಷ್ಟೇ. ಮೊದಲ ಐದು ನಿಮಿಷ ಹಲ್ಲು ಕಟಕಟ. 'ಹೊರಡುವಾಗ ಸ್ವಲ್ಪ ಚಳಿಯಾಗುತ್ತಿದ್ದರೆ ಬಟ್ಟೆ ಸರಿಯಾಗಿದೆ ಅಂತ ಅರ್ಥ' ಅನ್ನುವುದು ಓನರ್ ಲೆಕ್ಕ. ತುದಿ ತಲುಪಿ ಬನಿಯನ್ ಬದಲಿಸಿ, ಪದರ ಪದರವಾಗಿ ಹಾಕಿಕೊಂಡು ಕೂತೆ. ಒಂದು ಗಂಟೆ ಕಳೆಯಿತು, ಎರಡಾಯಿತು, ನಾಲ್ಕಾಯಿತು. ಚಳಿ ಇತ್ತು, ಆದರೆ ಹೊರಗಿತ್ತು. ಮೊದಲ ಸಲ ನಾನು ಕಾಡನ್ನು ನೋಡಿದೆ. ಓಕ್ ಎಲೆಯ ಮೇಲೆ ಅಳಿಲು ಓಡಿದರೆ ಆನೆ ಬಂದಷ್ಟು ಸದ್ದು. ಮರಕುಟಿಗ, ನದಿಯ ಮೇಲಿನ ಮಂಜು, ಮೆಲ್ಲಗೆ ಏರುವ ಬಿಸಿಲು. ವಾರದ ಹಿಂದೆ ಇದೇ ಜಾಗದಲ್ಲಿ ನನಗೆ ಇದ್ಯಾವುದೂ ಕಂಡಿರಲಿಲ್ಲ.

ದೊಡ್ಡ ಕೊಂಬಿನ ಜಿಂಕೆ ಬರಲೇ ಇಲ್ಲ. ಮೊದಲ ದಿನವೇ ಬೆಟ್ಟದ ಆಚೆಯವರಿಗೆ ಸಿಕ್ಕಿತಂತೆ. ಓನರ್ ಅದನ್ನು ಹೇಳಿದ್ದು ಒಂದೇ ಸಲ, ಅದೂ ನಾನು ಕೇಳಿದ್ದಕ್ಕೆ. ಮಧ್ಯಾಹ್ನ ಒಂದು ಹೆಣ್ಣು ಜಿಂಕೆ ಬಂತು. ಒಂದೇ ಈಡು. ಸದ್ದು ಅಡಗಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅದನ್ನು ನೋಡಿ ನನಗೆ ಸಂತೋಷವಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಬೇಸರವಾಯಿತು, ಜೊತೆಗೆ ಆ ಮನೆಯ ಇಡೀ ಚಳಿಗಾಲದ ಊಟ ಅದು ಅಂತಲೂ ಗೊತ್ತಿತ್ತು.

ಕೆಳಗಿಳಿದು ಎಳೆದು ತರಬೇಕಿತ್ತು. ಹಗ್ಗ ಹಿಡಿಯುವ ಮುಂಚೆ ನಾನು ನಿಂತೆ. ವೆಸ್ಟ್ ಬಿಚ್ಚಿ, ಕೋಟು, ಸ್ವೆಟರ್ ತೆಗೆದು ಬ್ಯಾಗಿಗೆ ತುಂಬಿ, ವೆಸ್ಟನ್ನು ಮತ್ತೆ ತೊಟ್ಟೆ. ಯಾರೂ ಹೇಳಿರಲಿಲ್ಲ. ತಲೆ ಎತ್ತಿದರೆ ಓನರ್ ತಮ್ಮ ಕೋಟಿನ ಗುಂಡಿ ಬಿಚ್ಚುತ್ತಾ ನನ್ನನ್ನೇ ನೋಡುತ್ತಿದ್ದರು. "ಪಾಸ್" ಅಂದರು.

ಅಜ್ಜಯ್ಯನ ಉತ್ತರ

ಆ ರಾತ್ರಿ ಮನೆಗೆ ವಿಡಿಯೊ ಕಾಲ್ ಮಾಡಿದೆ. ಅಜ್ಜಯ್ಯ ಹುಡುಗನಾಗಿದ್ದಾಗ, ಕಾಯ್ದೆ ಬರುವ ಮುಂಚೆ, ಮರಸಿಗೆ ಕೂತವರು. ಆ ಕತೆಗಳಲ್ಲೆಲ್ಲ ಕಂಬಳಿ ಬರುತ್ತಿತ್ತು. ಮಡಚಿ ಹೆಗಲ ಮೇಲೆ ಹಾಕಿಕೊಂಡು ಹೊರಟೆವು ಅನ್ನುತ್ತಿದ್ದರು. ಈಗಲೂ ತೋಟಕ್ಕೆ ಹೋಗುವಾಗ ಅವರು ಹಾಗೇ ಹೋಗುವುದು. ಹೊದ್ದುಕೊಳ್ಳುವುದು ಕೂತ ಮೇಲೆ. ಇಷ್ಟು ವರ್ಷ ಅದು ಯಾಕೆ ಅಂತ ನಾನು ಕೇಳಿರಲೇ ಇಲ್ಲ.

"ಅಜ್ಜಯ್ಯ, ಚಳಿ ಇದ್ರೂ ನಡೆಯೋವಾಗ ಕಂಬಳಿ ಹೊದ್ಕೊಳ್ತಿರ್ಲಿಲ್ಲ ಯಾಕೆ?"

"ನಡೆಯೋವಾಗ ಹೊದ್ರೆ ಬೆವರ್ತದಲ ಮಾರಾಯ. ಬೆವರಿದ ಮೈಗೆ ಚಳಿ ಹತ್ತಿದ್ರೆ ಬಿಡೂದಿಲ್ಲ. ಅದನ್ನ ಕೇಳೂಕೆ ಅಮೆರಿಕದಿಂದ ಫೋನ್ ಮಾಡಿದ್ಯನಾ?"

ಓನರ್ ಕಪಾಟಿನ ಐದು ಅರೆಗಳ ಪಾಠ ಅಜ್ಜಯ್ಯನ ಎರಡು ವಾಕ್ಯದಲ್ಲಿತ್ತು. ಮನೆಯ ಜಗಲಿಯಲ್ಲೇ ಕೇಳಬಹುದಾಗಿದ್ದ ಪ್ರಶ್ನೆಯನ್ನು ನಾನು ಇನ್ನೊಬ್ಬರ ಹಬ್ಬದ ದಿನವನ್ನು ಹಾಳುಮಾಡಿ ಕೇಳಿದೆ.

ನಮಗೆ ಬೇಟೆ ಬೇಡ. ಆದರೆ ಚಾರಣಕ್ಕೆ ಹೋಗುವವರು ನಮ್ಮಲ್ಲಿ ಎಷ್ಟು ಜನ! ಮಳೆಗಾಲದ ಕುದುರೆಮುಖಕ್ಕೆ ಜೀನ್ಸ್, ಡಿಸೆಂಬರಿನ ಕೇದಾರಕಂಠಕ್ಕೆ ಕಾಟನ್ ಹುಡಿ ಹಾಕಿಕೊಂಡು ಹೊರಟ ಗೆಳೆಯರ ಫೋಟೊಗಳನ್ನು ಈಗ ನೋಡಿದರೆ ನನ್ನ ಬೆನ್ನು ತಣ್ಣಗಾಗುತ್ತದೆ. ಹಿಮವೇ ಬೀಳಬೇಕೆಂದಿಲ್ಲ. ಮಳೆಗೆ ನೆಂದು, ಗುಡ್ಡದ ತುದಿಯ ಗಾಳಿಗೆ ನಿಂತರೂ ಮೈಯ ಒಲೆ ಆರಬಹುದು. ಹೊರಡುವ ಮುಂಚೆ ಬ್ಯಾಗಿನಲ್ಲಿ ಒಂದು ಒಣ ಬನಿಯನ್, ಒಂದು ಉಣ್ಣೆ ಅಥವಾ ಫ್ಲೀಸ್ ಸ್ವೆಟರ್, ಒಂದು ಮಳೆ ಜಾಕೆಟ್ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಳ್ಳಿ. ಏರುವಾಗ ತೆಗೆಯಿರಿ, ಕೂತಾಗ ಹಾಕಿ. ಜೊತೆಯಲ್ಲಿರುವವನ ಮಾತು ತೊದಲಿದರೆ, ಕೈ ತಡವರಿಸಿದರೆ, ತಮಾಷೆ ಮಾಡಬೇಡಿ. ಒದ್ದೆ ಬಟ್ಟೆ ಬಿಚ್ಚಿಸಿ, ಒಣ ಬಟ್ಟೆ ತೊಡಿಸಿ, ಬಿಸಿಯಾದ ಸಿಹಿ ಏನಾದರೂ ಕುಡಿಸಿ, ಕೆಳಗೆ ಕರೆತಂದು ಆಸ್ಪತ್ರೆಗೆ ತೋರಿಸಿ. ಗುಡ್ಡ ಮುಂದಿನ ವಾರವೂ ಅಲ್ಲೇ ಇರುತ್ತದೆ.

ಮುಂದಿನ ನವೆಂಬರಿಗೆ ನಾನು ಓನರ್ ಜೊತೆ ಮತ್ತೆ ಹೋಗುತ್ತೇನೆ. ರಜೆಗೆ ಊರಿಗೆ ಬಂದಾಗ ಅವರಿಗಾಗಿ ಚಳ್ಳಕೆರೆ ಕಡೆಯ ಒಂದು ಕರೀ ಕಂಬಳಿ ಕೊಂಡಿದ್ದೇನೆ. ಅದನ್ನು ಎಲ್ಲಿ ಹಾಕಿಕೊಂಡು ನಡೆಯಬೇಕು ಅಂತ ಅವರಿಗೆ ಹೇಳಿಕೊಡಬೇಕಾಗಿಲ್ಲ.